ಉದ್ರಿ ವಹಿ ಓದಲಾರದ ಕಂಪನಿ: ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಅಂಗಡಿ ಕತಿ

ನಾನು ಎರಡು ವರ್ಷ ಒಂದು ಪರದೇಶಿ ಕಂಪನಿಯ ಹೋಲ್‌ಸೇಲ್ ಅಂಗಡ್ಯಾಗ ಫೀಲ್ಡ್ ಕೆಲಸ ಮಾಡೀನಿ. ಹುಬ್ಬಳ್ಳಿ ಊರ ಹೊರಗ ದೊಡ್ಡ ಶೆಡ್ಡು, ಮುಂದ ಲಾರಿ ತಿರುಗೂವಷ್ಟು ಜಾಗ, ಒಳಗ ಛಾವಣಿ ಮುಟ್ಟೂ ರ‍್ಯಾಕು. ಕಂಪನಿ ಹೆಸರು ಬರಿಯೂದಿಲ್ಲ, ಅದರಿಂದ ಯಾರಿಗೂ ಉಪಯೋಗಿಲ್ಲ, ಆದ್ರ ಅಲ್ಲೆ ಏನೇನಾತು ಅನ್ನೂದು ಬಿಸಿನೆಸ್ ಓದೂ ಹುಡುಗ್ರಿಗೂ ಅಂಗಡಿ ಇಟ್ಕೊಂಡೋರಿಗೂ ಗೊತ್ತಿರಬೇಕು ಅನಸ್ತು, ಅದಕ್ಕ ಕೂತು ಬರ್ಯಾಕತ್ತೀನಿ. ನನ್ನ ಕೆಲಸ ಅಂದ್ರ ಹಳೇ ಹುಬ್ಬಳ್ಳಿ, ಕೇಶ್ವಾಪುರ, ಗೋಕುಲ ರೋಡ್, ಆಮ್ಯಾಲ ಕುಂದಗೋಳ, ಕಲಘಟಗಿ ಕಡೆ ಕಿರಾಣಿ ಅಂಗಡಿ ಅಂಗಡಿ ಅಡ್ಡಾಡಿ ಮಾಲಕ್ರಿಗೆ ಮೆಂಬರ್ ಕಾರ್ಡ್ ಮಾಡಸೂದು. ಕಾರ್ಡ್ ಮಾತ್ರ ಭಾಳ ಮಾಡಸಿದ್ವಿ. ಮಂದಿ ಬಂದು ನೋಡಿದ್ರು, ಒಂದೆರಡು ಸಲ ಮಾಲು ಒಯ್ದ್ರು, ಆಮ್ಯಾಲ ಬರೂದು ಬಿಟ್ರು. ರೇಟು ನೋಡಿದ್ರ ನಮ್ಮದ ಕಡಿಮಿ ಇತ್ತು. ಹಂಗಿದ್ರೂ ಯಾಕ ಬರ್ಲಿಲ್ಲ ಅನ್ನೂದ ಈ ಪ್ರಕರಣ.

ಮೊದಲು ಪರದೇಶಿ ಕಂಪನಿ ಹುಬ್ಬಳ್ಳಿಗೆ ಹೋಲ್‌ಸೇಲ್ ಅಂತ ಯಾಕ ಬಂತು, ಸೀದಾ ಗಿರಾಕಿಗೆ ಮಾರೂ ಅಂಗಡಿ ಯಾಕ ತಗೀಲಿಲ್ಲ ಅನ್ನೂದು ಹೇಳ್ತೀನಿ. ನಮ್ಮ ದೇಶದಾಗ ಹೋಲ್‌ಸೇಲಿಗೆ ಪರದೇಶಿ ಬಂಡವಾಳ ನೂರಕ್ಕ ನೂರು ಬರಬಹುದು, 1997ರಿಂದ ಸರ್ಕಾರದ ಪರವಾನಗಿ ತಗೊಂಡು, 2006ರಿಂದ ಆ ಪರವಾನಗೀನೂ ಬ್ಯಾಡ. ಆದ್ರ ಎಲ್ಲಾ ನಮೂನಿ ಬ್ರ್ಯಾಂಡ್ ಇಟ್ಟು ಮನಿ ಮಂದಿಗೆ ಮಾರೂ ಅಂಗಡಿಗೆ 2012ರ ಸೆಪ್ಟೆಂಬರ್‌ದಾಗ ಬಾಗಲಾ ತಗದಾಗ ಶೇಕಡಾ 51 ಅಷ್ಟ, ಮ್ಯಾಲ ಕಮ್ಮಿ ಅಂದ್ರೂ 10 ಕೋಟಿ ಡಾಲರ್ ಹಾಕಬೇಕು, ಸಣ್ಣ ಕಾರ್ಖಾನಿಗಳ ಕಡೆಯಿಂದ ಶೇಕಡಾ 30 ಮಾಲು ತಗೋಬೇಕು, ರಾಜ್ಯ ಸರ್ಕಾರ ಹೂಂ ಅನ್ನಬೇಕು, ಊರಾಗ 10 ಲಕ್ಷದ ಮ್ಯಾಲ ಜನ ಇರಬೇಕು ಅಂತ ಷರತ್ತು. 2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡ ಎರಡೂ ಕೂಡಿ ಸುಮಾರು 9 ಲಕ್ಷ 43 ಸಾವಿರ. ಸ್ವಲ್ಪದಾಗ ತಪ್ಪಿತು. ಮುಂದ 2013ರಾಗ ರಾಜ್ಯಗಳು ಬ್ಯಾರೆ ಊರೂ ಆರಿಸಬಹುದು ಅಂತ ಸಡಿಲ ಮಾಡಿದ್ರು ಖರೆ, ಆದ್ರ ಅಷ್ಟೊತ್ತಿಗೆ ಈ ದಾರಿ ಹಿಡಿಯಾಕ ಮನಸ್ಸಿದ್ದ ಕಂಪನಿ ಕಮ್ಮಿ ಆಗಿದ್ವು. ಹಿಂಗಾಗಿ ಹೆಚ್ಚಿನವರು ಹೋಲ್‌ಸೇಲ್ ಬಾಗಲದಿಂದ ಬಂದ್ರು. ಇದರ ಅರ್ಥ ಏನಂದ್ರ ಇವರ ಗಿರಾಕಿ ಮನಿ ಹೆಣ್ಮಗಳಲ್ಲ, ಓಣಿ ಕಿರಾಣಿ ಅಂಗಡಿಯವ. ಅವನ ಕಡೆ ಟ್ಯಾಕ್ಸ್ ನಂಬರೋ ಅಂಗಡಿ ಲೈಸೆನ್ಸೋ ಏನರ ಒಂದು ಕಾಗದ ಇರಬೇಕು, ಅದನ್ನ ತೋರಿಸಿದ್ರನ ಕಾರ್ಡ್.

ಈಗ ಆ ಗಿರಾಕೀನ ನೋಡ್ರಿ. ಹಳೇ ಹುಬ್ಬಳ್ಳ್ಯಾಗ ಒಬ್ಬರು ಕಾಕಾ ಇದ್ರು, ಸಂಬಂಧದಿಂದ ಅಲ್ಲ, ಸಣ್ಣವ ಇದ್ದಾಗಿಂದ ಅವರ ಅಂಗಡಿಗೆ ಹೋಗಿ ಹೋಗಿ ಕಾಕಾ ಅಂತ ರೂಢಿ ಆಗಿತ್ತು. ನಾನು ಮಾಡಿಸಿದ ಮೊದಲನೇ ಕಾರ್ಡ್ ಅವರದ. ಹನ್ನೆರಡು ಫೂಟ್ ಅಗಲದ ಅಂಗಡಿ, ಒಳಗ ಅಟ್ಟದ ಮ್ಯಾಲ ಡಾಲ್ಡಾ ಡಬ್ಬಿ, ಮುಂದ ಚುರಮರಿ ಚೀಲ, ಪುಟಾಣಿ, ಶೇಂಗಾ, ಬೆಲ್ಲದ ಪೆಂಟಿ. ದಿನದ ವ್ಯಾಪಾರ ಒಂದ ಎಂಟು ಸಾವಿರ. ಅವರು ಒಂದು ಸಲ ನಮ್ಮ ಅಂಗಡಿಗೆ ಬಂದ್ರು, ಎಣ್ಣಿ, ಸಕ್ಕರಿ, ಸಾಬಾನು, ಚಹಾಪುಡಿ ಎಲ್ಲಾ ಕೂಡಿ 30 ಸಾವಿರದ್ದು ಒಯ್ದ್ರು. ಎರಡನೇ ಸಲ ಬಂದ್ರು. ಮೂರನೇ ಸಲ ಬರ್ಲಿಲ್ಲ. ನಾನ ಹೋಗಿ ಕೇಳಿದೆ, ಯಾಕ ಕಾಕಾ ಬರ್ಲಿಲ್ಲ ಅಂತ. ಅವರು ಗಲ್ಲಾದ ಬಾಜೂಕ ಇದ್ದ ಬೀಡಿ ಪಾಕೀಟಿನ ಹಿಂದ ಪೆನ್ನಿಲೆ ಬರದ ತೋರಿಸಿದ್ರು.

ನಿಮ್ಮ ರೇಟು ನೂರಕ್ಕ ಎರಡು ರೂಪಾಯಿ ಕಡಿಮಿ, ಅಂದ್ರ 30 ಸಾವಿರಕ್ಕ 600 ಉಳೀತು. ಲಗೇಜ್ ಆಟೋದವಗ ಹೋಗಿ ಬರಾಕ 350. ಬರೂದು, ಹುಡುಕೂದು, ಬಿಲ್ ಮಾಡಸೂದು, ತರೂದು ಅಂತ ಅರ್ಧಾ ದಿನ ಅಂಗಡಿ ಬಂದ್, ಆ ಹೊತ್ತಿನ ವ್ಯಾಪಾರ 3 ಸಾವಿರ ಹಿಡಿ, ಅದರಾಗ ಸಿಗೂದು 300. ಕೂಡಸು. 650 ಹೋತು, 600 ಬಂತು. "ಐವತ್ತು ರೂಪಾಯಿ ನಾ ಕೈಲೆ ಹಾಕಿ ನಿಮ್ಮ ಅಂಗಡಿ ನೋಡಾಕ ಬರ್ಲೇನ ತಮ್ಮಾ?" ಅಂದ್ರು. ಸಿಟ್ಟಿಲ್ಲದ, ಸಮಾಧಾನದಿಂದ ಅಂದ್ರು. ನಾನು ಅಷ್ಟು ದಿನ ಊರೆಲ್ಲ ಅಡ್ಡಾಡಿ "ಎರಡು ಪರ್ಸೆಂಟ್ ಕಡಿಮಿ" ಅಂತ ಹೇಳ್ಕೋತ ತಿರುಗಿದಾವ, ಆ ಬೀಡಿ ಪಾಕೀಟ್ ನೋಡಿದ ಮ್ಯಾಲ ನನಗ ಬಾಯಿ ಬರ್ಲಿಲ್ಲ.

ಆದ್ರ ಇಷ್ಟ ಆಗಿದ್ರ ಸುಧಾರಿಸ್ಕೋಬಹುದಿತ್ತು, ಮನಿಗೆ ತಲುಪಸೂ ವ್ಯವಸ್ಥಾ ಮಾಡಿದ್ರ ಮುಗೀತು. ಖರೇ ಗಂಟು ಉದ್ರ್ಯಾಗ ಇತ್ತು. ಕಾಕಾರ ಅಂಗಡ್ಯಾಗ ಕೆಂಪು ಬಟ್ಟಿ ಹೊದಿಕಿ ಇದ್ದ ಉದ್ದನೇ ವಹಿ ಐತಿ, ಅದರಾಗ ಸುಮಾರು ನಲವತ್ತು ಮನಿ. ರೈಲ್ವೆ ವರ್ಕ್‌ಶಾಪಿನವರು, ಬಸ್ ಕಂಡಕ್ಟರ್, ಪ್ರೈವೇಟ್ ಶಾಲಿ ಟೀಚರು, ಹಮಾಲಿ ಮಾಡೋರು. ತಿಂಗಳ ಮೊದಲ ವಾರ ಯಾದಿ ಬರ್ತೈತಿ, ಹಾಳಿ ಮ್ಯಾಲ ಬರದ ಕಳಿಸಿರ್ತಾರ, ತೊಗರಿಬ್ಯಾಳಿ ಎರಡು ಕಿಲೋ, ಸಕ್ಕರಿ ಮೂರು, ಕುಸುಬಿ ಎಣ್ಣಿ ಒಂದು, ಅಗರಬತ್ತಿ ಒಂದು, ಹಿಂಗ. ಅಂಗಡಿ ಹುಡುಗ ಕಟ್ಟಿ ಮನಿಗೆ ಮುಟ್ಟಸ್ತಾನ. ರೊಕ್ಕಾ ಮುಂದಿನ ಪಗಾರಕ್ಕ. ನಡುವ ಅರ್ಧಾ ಪಾವು ಎಣ್ಣಿ, ಎರಡು ರೂಪಾಯಿ ಜೀರಗಿ ಬ್ಯಾರೆ, ಅದೂ ವಹಿಯೊಳಗ. ಮನಿಗೆ ಮೂರು ಸಾವಿರ ಅಂತ ಹಿಡಿದ್ರೂ 1 ಲಕ್ಷ 20 ಸಾವಿರ ಕಾಕಾರ ರೊಕ್ಕ ಯಾವಾಗ್ಲೂ ಓಣ್ಯಾಗ ಇರ್ತೈತಿ.

ಮತ್ತ ಕಾಕಾ ಬದುಕೂದು ಹೆಂಗ? ಅವರ ಹಿಂದ ಏಜೆನ್ಸಿಯವರು, ಅಂದ್ರ ಕಂಪನಿಗಳ ಮಾಲು ಅಂಗಡಿ ಅಂಗಡಿಗೆ ಹಂಚೋರು, ಅದಾರ. ಏಜೆನ್ಸಿ ಹುಡುಗ ವಾರಕ್ಕೊಮ್ಮೆ ಬರ್ತಾನ, ಆರ್ಡರ್ ಬರ್ಕೊಂತಾನ, ಮಾಲು ಅಂಗಡಿ ಬಾಗಲಕ್ಕ ಇಳಸ್ತಾನ, ರೊಕ್ಕಾ ಮುಂದಿನ ವಾರ ಬಂದಾಗ. ಒಮ್ಮೊಮ್ಮೆ ಅದೂ ಅರ್ಧಾ. ಒಡದ ಬಿಸ್ಕೀಟು, ತಾರೀಖು ಮುಗದ ಪಾಕೀಟು ವಾಪಸ್ ತಗೊಂಡು ಹೋಗ್ತಾನ. ಅಂದ್ರ ಕಾಕಾ ಮ್ಯಾಲಿನವರ ಉದ್ರಿ ಮ್ಯಾಲ ನಿಂತು ಕೆಳಗಿನವರಿಗೆ ಉದ್ರಿ ಕೊಡ್ತಾರ, ಅಂಗಡಿ ನಡುವ ಕೊಂಡಿ ಇದ್ದಂಗ. ನಮ್ಮ ಕಂಪನಿ ಬಂದು ಹೇಳಿದ್ದೇನು, ರೊಕ್ಕಾ ಕೊಡು, ಮಾಲು ಒಯ್ಯಿ. ಹೆಸರ ಕ್ಯಾಶ್ ಆ್ಯಂಡ್ ಕ್ಯಾರಿ. ಎರಡು ರೂಪಾಯಿ ಕಡಿಮಿ ಕೊಟ್ವಿ ನಾವು, ಆದ್ರ ಆ ಎರಡು ರೂಪಾಯಿ ಸಲುವಾಗಿ ಕಾಕಾ ಒಂದು ವಾರದ ಉದ್ರಿ ಬಿಡಬೇಕಿತ್ತು, 30 ಸಾವಿರ ಕೈಯಾಗ ನಗದು ತರಬೇಕಿತ್ತು, ಅದನ್ನ ಸೊಸೈಟ್ಯಾಗ ಸಾಲ ತಗೊಂಡ್ರ ಬಡ್ಡಿ ಬ್ಯಾರೆ. ಒಡದದ್ದು ವಾಪಸ್ ಇಲ್ಲ. ಇಲ್ಲೆ ಒಂದು ಮಾತು ಹೇಳಲೇಬೇಕು, ಹೋಲ್‌ಸೇಲ್ ಕಂಪನಿ ಉದ್ರಿ ಕೊಡಬಾರದು ಅಂತ ಪರದೇಶಿ ಬಂಡವಾಳದ ನಿಯಮದಾಗ ಎಲ್ಲೂ ಇಲ್ಲ, ಕೊಡಬಹುದು ಅಂತನ ಐತಿ. ಕೊಡದಿದ್ದದ್ದು ಕಂಪನಿ ತಗೊಂಡ ತೀರ್ಮಾನ. ಬ್ಯಾರೆ ದೇಶದಾಗ ಆ ಪದ್ಧತಿ ನಡದಿತ್ತು, ಇಲ್ಲೂ ನಡೀತೈತಿ ಅಂತ ಅಂದ್ಕೊಂಡ್ರು.

ಬಿಲ್ಲಿನ ಸಂಗತಿ ಇನ್ನೊಂದು. ನಾನು ಸೇರಿದ್ದು ಜಿಎಸ್‌ಟಿ ಬಂದ ಮರುವರ್ಷ, 2018ರಾಗ. ಅವಾಗ ವರ್ಷಕ್ಕ 20 ಲಕ್ಷದ ಮ್ಯಾಲ ವ್ಯಾಪಾರ ಇದ್ರ ನಂಬರ್ ಮಾಡಸಬೇಕಿತ್ತು, ಮಾಲು ಮಾರೋರಿಗೆ 40 ಲಕ್ಷ ಆದದ್ದು 2019ರ ಏಪ್ರಿಲ್‌ಕ್ಕ. ಕಾಕಾರಂಥೋರು ಸಣ್ಣ ವ್ಯಾಪಾರಸ್ಥರ ಸಲುವಾಗಿ ಇದ್ದ ಕಾಂಪೋಸಿಷನ್ ಸ್ಕೀಮ್‌ದಾಗ ಇದ್ರು, ವ್ಯಾಪಾರದ ಶೇಕಡಾ 1 ಟ್ಯಾಕ್ಸ್ ತುಂಬಿದ್ರ ಮುಗೀತು, ಆದ್ರ ಆ ಸ್ಕೀಮ್‌ದಾಗ ಇದ್ದೋರಿಗೆ ಖರೀದಿ ಮ್ಯಾಲ ಕೊಟ್ಟ ಟ್ಯಾಕ್ಸ್ ವಾಪಸ್ ಸಿಗೂದಿಲ್ಲ. ನಾವು ಟ್ರೇನಿಂಗ್‌ದಾಗ ಕಲಿಸಿದ್ದಂಗ "ನಮ್ಮ ಬಿಲ್ ಪಕ್ಕಾ, ಟ್ಯಾಕ್ಸ್ ಕ್ರೆಡಿಟ್ ಸಿಗ್ತೈತಿ" ಅಂತ ಹೇಳ್ಕೋತ ಹೋದ್ರ ಅವರಿಗೆ ಅದರಿಂದ ಮೂರು ಕಾಸಿನ ಲಾಭ ಇದ್ದಿಲ್ಲ, ಉಳಿದದ್ದು ಅಂಜಿಕಿ ಒಂದ, ಎಲ್ಲಾ ಕಂಪ್ಯೂಟರ್‌ದಾಗ ಕೂತಿತು, ನಾಳಿಗೆ ಯಾರರ ಬಂದು ಏನರ ಕೇಳಿದ್ರ ಏನ್ ಹೇಳೂದು ಅಂತ. ಆ ಅಂಜಿಕಿ ತಪ್ಪೋ ಸರಿಯೋ ಅನ್ನೂದು ಬ್ಯಾರೆ ಮಾತು, ಇತ್ತು ಅನ್ನೂದು ಖರೆ, ಮತ್ತ ಅದನ್ನ ಕೂತು ತಿಳಿಸಿ ಹೇಳೂ ಮಂದೀನ ನಾವು ಇಟ್ಟಿದ್ದಿಲ್ಲ.

ಸಾಮಾನಿನ ಆಯ್ಕೆದಾಗೂ ಎಡವಿದ್ವಿ. ಮೆಣಸಿನಕಾಯಿ ಕತಿ ಹೇಳ್ತೀನಿ ಯಾಕಂದ್ರ ಅದು ನನ್ನ ಕಣ್ಣಾಗ ಈಗೂ ಐತಿ. ಹಾವೇರಿ ಜಿಲ್ಲಾದ ಬ್ಯಾಡಗಿ ನಮ್ಮಿಂದ ಎಷ್ಟು ದೂರ, ಬೈಕ್ ಮ್ಯಾಲ ಹೋಗಿ ಸಂಜಿಗೆ ವಾಪಸ್ ಬರಬಹುದು. 2011ರಾಗ ಜಿಐ, ಅಂದ್ರ ಇಂಥಾ ಊರಿನ ಮಾಲು ಅನ್ನೂ ಸರ್ಕಾರಿ ಗುರುತು, ಸಿಕ್ಕ ಮೆಣಸಿನಕಾಯಿ ಅದು, ಖಾರ ಕಡಿಮಿ, ಬಣ್ಣ ಭಾಳ. ಅದರಾಗ ಡಬ್ಬಿ ಅನ್ನೂ ಜಾತಿ ಬ್ಯಾರೆ, ಕಡ್ಡಿ ಅನ್ನೂ ಜಾತಿ ಬ್ಯಾರೆ. ನಮ್ಮ ಅಂಗಡ್ಯಾಗ ಪ್ಲಾಸ್ಟಿಕ್ ಪಾಕೀಟಿನ್ಯಾಗ ಸೀಲ್ ಹಾಕಿ ಬರೇ "ಒಣ ಮೆಣಸಿನಕಾಯಿ" ಅಂತ ಬರದು ಇಟ್ಟಿದ್ರು. ಸಣ್ಣ ಖಾನಾವಳಿ ನಡಸೂ ಒಬ್ಬ ಅಕ್ಕಾರು ಕಾರ್ಡ್ ಮಾಡಿಸ್ಕೊಂಡು ಬಂದಿದ್ರು. ಪಾಕೀಟ್ ಹಿಂದ ಮುಂದ ತಿರುಗಿಸಿ ನೋಡಿದ್ರು, ಬೆಳಕಿಗೆ ಹಿಡಿದ್ರು, ಆಮ್ಯಾಲ "ಇದನ್ನ ಒಡೀಬಹುದೇನ್ರಿ?" ಅಂತ ಕೇಳಿದ್ರು. ಅವರು ಬೇಕಂದದ್ದು ಒಂದ ಒಂದು ಕಾಯಿ. ತೊಟ್ಟು ಮುರದು, ಮೂಗಿಗೆ ಹಿಡದು, ಒಳಗ ಬೀಜ ಎಷ್ಟು, ಸಿಪ್ಪಿ ಮ್ಯಾಲ ನೆರಿಗಿ ಹೆಂಗ ಬಿದ್ದಾವ ನೋಡಿ, ಬೆರಳಿಗೆ ತಿಕ್ಕಿ ಬಣ್ಣ ನೋಡಬೇಕು. ವರ್ಷದ ಖಾರ ಕುಟ್ಟಸೋರು ಹಂಗ ನೋಡದ ತಗೊಳ್ಳೂದಿಲ್ಲ. ಫ್ಲೋರ್ ಮ್ಯಾಲ ಇದ್ದ ಹುಡುಗ ನಿಯಮ ಪ್ರಕಾರ ಒಡಿಯಾಕ ಬರೂದಿಲ್ಲ ಅಂದ. ಅಕ್ಕಾರು ಪಾಕೀಟ್ ಎಲ್ಲಿತ್ತೋ ಅಲ್ಲೆ ನೆಟ್ಟಗ ಇಟ್ಟು ಹೋದ್ರು. ಜೋಳದ್ದೂ ಇದ ಹಾಡು, ನಮ್ಮ ಕಡೆ ಜೋಳ ಅಂಗೈಯಾಗ ಹಾಕ್ಕೊಂಡು ಒಂದೆರಡು ಕಾಳು ಹಲ್ಲಾಗ ಕಡದು ನೋಡಿ ತಗೊಂತಾರ, ರೊಟ್ಟಿಗೆ ಹಿಟ್ಟು ಜಿಗಟು ಬರ್ತೈತೋ ಇಲ್ಲೋ ಅನ್ನೂದು ಅಲ್ಲೆ ಗೊತ್ತಾಗ್ತೈತಿ.

ದೀಪಾವಳಿದು ಎಲ್ಲಾದಕ್ಕಿಂತ ದೊಡ್ಡ ತಪ್ಪು. ಮ್ಯಾಲಿನ ಆಫೀಸಿನವರು ಹಬ್ಬ ಅಂದ್ರ ಖರೀದಿ ಅಂತ ತಿಳಕೊಂಡು ವರ್ಷದ ಎಲ್ಲಾದಕ್ಕಿಂತ ದೊಡ್ಡ ಆಫರ್ ಅಮಾಸಿ ದಿನಾನ ಇಟ್ರು. ಬ್ಯಾನರ್ ಕಟ್ಟಿದ್ವಿ, ಹೆಚ್ಚಿಗಿ ಮಂದಿ ಹಾಕಿದ್ವಿ, ಮುಂಜಾನೆ ಏಳಕ್ಕ ಬಾಗಲಾ ತಗದ್ವಿ. ಆ ದಿನ ಹುಬ್ಬಳ್ಳ್ಯಾಗ ವ್ಯಾಪಾರಸ್ಥರು ಲಕ್ಷ್ಮಿ ಪೂಜಿ ಮಾಡ್ತಾರ. ಅಂಗಡಿಗೆ ಬಾಳಿಕಂಬ, ಚೆಂಡುಹೂವು, ಗಲ್ಲಾಕ್ಕ ಪೂಜಿ, ಹೊಸ ವಹಿಗೆ ಅರಿಷಿಣ ಕುಂಕುಮ. ದುರ್ಗದಬೈಲದಾಗ, ಜವಳಿ ಸಾಲಿನ್ಯಾಗ ಸಂಜಿ ಮುಂದ ಅಡ್ಡಾಡಿದ್ರ ಪ್ರತಿ ಅಂಗಡ್ಯಾಗ ಕರದು ಪ್ರಸಾದ ಕೊಡ್ತಾರ. ಲಕ್ಷ್ಮಿ ಮನಿಗೆ ಬರೂ ದಿನ ಗಲ್ಲಾದಾಗಿಂದ ರೊಕ್ಕಾ ಹೊರಗ ಹಾಕೂದು ನಮ್ಮವರಿಗೆ ಮನಸ್ಸಿಗೆ ಒಗ್ಗೂದಿಲ್ಲ, ಅವತ್ತು ಕೊಟ್ಟ ಉದ್ರಿ ಸುದ್ದಾ ಕೇಳೂದಿಲ್ಲ. ನಮ್ಮ ಶೆಡ್ಡು ಇಡೀ ದಿನ ಖಾಲಿ ಇತ್ತು. ಅದ ದಿನ ಏಜೆನ್ಸಿ ಹುಡುಗ ಒಂದು ಸ್ವೀಟ್ ಬಾಕ್ಸ್ ಹಿಡ್ಕೊಂಡು ಕಾಕಾರ ಅಂಗಡಿಗೆ ಹೋಗಿ ಕಾಲಿಗೆ ಬಿದ್ದು ಬಂದಿದ್ದ. ನಾನು ಮೊದಲ ಹೇಳಬಹುದಿತ್ತು, ಹೇಳಿದೆನೂ, ಆದ್ರ ಆಫರ್ ತಾರೀಖು ಇಡೀ ದೇಶಕ್ಕ ಒಂದ ಅಂತ ಮೇಲ್ ಬಂದಿತ್ತು, ಅದನ್ನ ಯಾರೂ ಬದಲಿ ಮಾಡೂವಂಗ ಇದ್ದಿಲ್ಲ.

ಇದನ್ನೆಲ್ಲಾ ಕೇಳಿ ನಮ್ಮ ಕಡೆ ಮಂದಿ ಹಳೇ ಕಾಲದೋರು, ಹೊಸಾದು ಬ್ಯಾಡ ಅಂತಾರ ಅಂತ ಯಾರರ ಅಂದ್ರ ನನಗ ಭಾಳ ಬ್ಯಾಸರ ಆಗ್ತೈತಿ, ಯಾಕಂದ್ರ ಭಾಳ ಮುಂದುವರದ ದೇಶದಾಗೂ ಇದ ಆಗೇತಿ. ವಾಲ್‌ಮಾರ್ಟ್ 1997ರಾಗ ಜರ್ಮನಿಗೆ ಹೋತು, ವೆರ್ಟ್‌ಕೌಫ್ ಅನ್ನೂ ಕಂಪನಿಯ 21 ಅಂಗಡಿ ತಗೊಂತು, ಮರುವರ್ಷ ಇಂಟರ್‌ಸ್ಪಾರ್‌ದ 74. ಜಗತ್ತಿನ್ಯಾಗ ದೊಡ್ಡ ಕಂಪನಿ, ರೊಕ್ಕಕ್ಕೇನು ಕಮ್ಮಿ ಇದ್ದಿಲ್ಲ. ಆದ್ರ ಅಲ್ಲಿ ಮೊದಲ ಮುಖ್ಯಸ್ಥಗ ಜರ್ಮನ್ ಭಾಷೆ ಬರ್ತಿದ್ದಿಲ್ಲ, ಬಾಗಲದಾಗ ನಿಂತು ನಗುತ ಸ್ವಾಗತ ಮಾಡೂದು, ಅಂಗಡಿ ಮಂದೀನ ಗಿರಾಕಿ ಸಾಮಾನು ಚೀಲಕ್ಕ ತುಂಬೂದು ಅಲ್ಲಿ ಮಂದಿಗೆ ಹಿಡಸ್ಲಿಲ್ಲ, ತಮ್ಮ ಸಾಮಾನು ತಾವ ತುಂಬ್ಕೊಳ್ಳೂ ರೂಢಿ ಅವರದು. ರೇಟು ಕಡಿಮಿ ಅಂದ್ರ ಅಲ್ಲೆ ಮೊದಲ ಆಲ್ಡಿ, ಲಿಡಲ್ ಇದ್ವು, ಖರೀದಿ ರೇಟಿಗಿಂತ ಕಡಿಮಿಗೆ ಮಾರ್ಕೋತ ಹೋಗಾಕ ಕಾನೂನು ಬಿಡ್ತಿದ್ದಿಲ್ಲ. 2006ರಾಗ 85 ಅಂಗಡಿ ಅಲ್ಲಿನ ಮೆಟ್ರೋ ಕಂಪನಿಗೆ ಕೊಟ್ಟು ಹೊಂಟು ಬಂದ್ರು, ಸುಮಾರು 100 ಕೋಟಿ ಡಾಲರ್ ಹಾನಿ. ಅದ ಮೆಟ್ರೋ 2003ರಾಗ ಬೆಂಗಳೂರಿಗೆ ಬಂದಿತ್ತು, ಅಲ್ಲೆ ವರ್ತಕರ ವಿರೋಧ, ಎಪಿಎಂಸಿ (ಕೃಷಿ ಮಾರುಕಟ್ಟಿ) ಕಾಯ್ದೆ ತೊಡಕು ಎಲ್ಲಾ ಎದುರಿಸ್ತು, ಕಡೀಕ 2023ರಾಗ ಇಲ್ಲಿನ 31 ಅಂಗಡಿ 2,850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಹೋದ್ವು. ಫ್ರಾನ್ಸಿನ ಕ್ಯಾರ್‌ಫೋರ್ 2010ರ ಡಿಸೆಂಬರ್‌ದಾಗ ದಿಲ್ಲ್ಯಾಗ ಮೊದಲ ಹೋಲ್‌ಸೇಲ್ ಅಂಗಡಿ ತಗದು ಐದಕ್ಕ ಮುಟ್ಟಿ 2014ರಾಗ ಬಾಗಲಾ ಹಾಕ್ತು. ತಿದ್ದಕೊಂಡೋರೂ ಅದಾರ. ಸ್ವೀಡನ್ನಿನ ಪೀಠೋಪಕರಣ ಕಂಪನಿ ಐಕಿಯಾ 2018ರಾಗ ಹೈದರಾಬಾದಿನ್ಯಾಗ ಅಂಗಡಿ ತಗೀಯೂ ಮೊದಲು ವರ್ಷಗಟ್ಲೆ ಮನಿ ಮನಿಗೆ ಹೋಗಿ ನೋಡಿ, ಅವರ ಹೆಸರುವಾಸಿ ಮಾಂಸದ ಉಂಡಿ ಬದಲಿ ಕೋಳಿದು, ಕಾಯಿಪಲ್ಲೆದು ಮಾಡಿ, ಪೀಠೋಪಕರಣ ತಾವ ಬಂದು ಜೋಡಿಸಿ ಕೊಡೂ ವ್ಯವಸ್ಥಾ ಮಾಡಿದ್ರು, ಯಾಕಂದ್ರ ನಮ್ಮಲ್ಲಿ ಬಡಿಗ್ಯಾರು ಮನಿಗೇ ಬರ್ತಾರ, ಸ್ಕ್ರೂಡ್ರೈವರ್ ಹಿಡದು ತಾವ ಕೂಡೋರು ಕಡಿಮಿ.

ನಮ್ಮ ಅಂಗಡ್ಯಾಗ ಬದಲಾವಣಿ ಬಂದದ್ದು ಎರಡನೇ ವರ್ಷ. ಹೊಸ ಮ್ಯಾನೇಜರ್ ಬಂದ್ರು, ಉತ್ತರದ ಕಡೆಯವರು, ಕನ್ನಡ ಬರ್ತಿದ್ದಿಲ್ಲ, ಆದ್ರ ಕಿವಿ ಇತ್ತು. ಒಂದಿನ ನಾನು "ಸಾಹೇಬ್ರ, ಒಂದು ಅಂಗಡ್ಯಾಗ ಒಂದು ತಾಸು ಸುಮ್ನ ಕೂಡೂಣು ಬರ್ರಿ" ಅಂದೆ. ಕಾಕಾರ ಅಂಗಡ್ಯಾಗ ಸ್ಟೂಲ್ ಹಾಕ್ಕೊಂಡು ಕೂತ್ರು. ಸಂಜಿ ಆರರಿಂದ ಏಳು. ಎಷ್ಟು ಮಂದಿ ಬಂದ್ರು, ಎಷ್ಟು ಮಂದಿ ನಗದು ಕೊಟ್ರು, ಎಷ್ಟು ಮಂದಿ "ಬರದಿಡ್ರಿ ಕಾಕಾ" ಅಂದ್ರು ಅಂತ ತಾವ ಗೆರಿ ಎಳೀತ ಕೂತ್ರು. ಆ ಹೊತ್ತಿಗೆ ಪಿಗ್ಮಿ ಕಲೆಕ್ಟರ್ ಬಂದ, ಕಾಕಾ ಗಲ್ಲಾದಿಂದ 200 ರೂಪಾಯಿ ತಗದು ಕೊಟ್ರು, ಅವ ಬರ್ಕೊಂಡು ಹೋದ. ಸಾಹೇಬ್ರು ಇದೇನು ಅಂದ್ರು. ನಾನು ಹೇಳಿದೆ, ಕರಾವಳಿ ಕಡೆಯ ಬ್ಯಾಂಕ್ ಒಂದು, ಸಿಂಡಿಕೇಟ್ ಬ್ಯಾಂಕ್, 1928ರಾಗ ಶುರು ಮಾಡಿದ ಪದ್ಧತಿ ಇದು, ದಿನಾ ಬಾಗಲಕ್ಕ ಬಂದು ಸಣ್ಣ ಸಣ್ಣ ರೊಕ್ಕಾ ಒಯ್ತಾರ, ಅಂಗಡಿಯವ ಬ್ಯಾಂಕಿಗೆ ಹೋಗಾಕ ಹೊತ್ತಿಲ್ಲ ಅಂತ ಬ್ಯಾಂಕ ಅಂಗಡಿಗೆ ಬಂತು. ಸಾಹೇಬ್ರು ಭಾಳ ಹೊತ್ತು ಸುಮ್ನ ಇದ್ರು.

ಅದಾದ ಮ್ಯಾಲ ಮೂರು ಸಂಗತಿ ಆದ್ವು. ಸಣ್ಣ ಗಾಡಿ ಇಟ್ಟು ಅಂಗಡಿ ಬಾಗಲಕ್ಕ ಮಾಲು ಕಳಸೂದು ಶುರುವಾತು, ಇದು ತಡಾ ಆಗ್ಲಿಲ್ಲ. ನನ್ನಂಥ ಫೀಲ್ಡ್ ಹುಡುಗ್ರ ಕೈಯಾಗ ಟ್ಯಾಬ್ ಕೊಟ್ರು, ಆರ್ಡರ್ ನಾವ ಹೋಗಿ ತಗೊಂಡು ಬರೂದು, ಒಡದ ಮಾಲು ವಾಪಸ್ ತಗೊಳ್ಳೂದು. ಮತ್ತ ಒಂದು ಬ್ಯಾಂಕ್ ಜೋಡಿ ಸೇರಿ ಹದಿನಾಲ್ಕು ದಿನದ ಉದ್ರಿ ಕಾರ್ಡ್. ಈ ಮೂರನೇದ್ದು ಅರ್ಧಾ ನಡೀತು. ಬ್ಯಾಂಕ್ ಕೇಳೂ ಕಾಗದ, ಸ್ಕೋರು, ಐಟಿ ರಿಟರ್ನ್ ಎಲ್ಲಾ ಸಣ್ಣ ಅಂಗಡಿಯವರ ಕಡೆ ಎಲ್ಲಿರ್ತೈತ್ರಿ, ದೊಡ್ಡ ಅಂಗಡಿಯವರಿಗೆ ಸಿಕ್ತು, ಅವರಿಗೆ ಅದು ಅಷ್ಟೇನ ಬೇಕಾಗಿದ್ದಿಲ್ಲ. ಏಜೆನ್ಸಿಯವ ಉದ್ರಿ ಕೊಡೂದು ಕಾಗದ ನೋಡಿ ಅಲ್ಲ, ಹತ್ತು ವರ್ಷ ಆ ಅಂಗಡ್ಯಾಗ ಚಹಾ ಕುಡದು ಕೊಡ್ತಾನ. ಮಗಳ ಮದುವಿ ಇದ್ದ ತಿಂಗಳು ರೊಕ್ಕಾ ತಡಾ ಆಗ್ತೈತಿ ಅಂತ ಅವಗ ಗೊತ್ತಿರ್ತೈತಿ, ಮುಂದಿನ ತಿಂಗಳು ಬರ್ತೈತಿ ಅಂತಾನೂ ಗೊತ್ತಿರ್ತೈತಿ. ಬ್ಯಾಂಕಿನ ಕಾರ್ಡ್ ಹದಿನೈದನೇ ದಿನಕ್ಕ ದಂಡ ಹಾಕ್ತಿತ್ತು.

ನನ್ನ ಅಭಿಪ್ರಾಯ ಕೇಳಿದ್ರ, ಕಂಪನಿ ಮೊದಲನೇ ದಿನದಿಂದ ಏಜೆನ್ಸ್ಯಾಗ ಕೆಲಸ ಮಾಡಿದ ಹುಡುಗ್ರನ್ನ ತಗೊಂಡು, ಒಬ್ಬೊಬ್ಬರಿಗೆ ಇಂತಿಷ್ಟು ಉದ್ರಿ ನಿಮ್ಮ ಜವಾಬ್ದಾರಿ ಮ್ಯಾಲ ಕೊಡ್ರಿ ಅಂತ ಬಿಡಬೇಕಿತ್ತು. ಮುಳುಗೂದು ಸ್ವಲ್ಪ ಮುಳುಗ್ತಿತ್ತು, ಅದನ್ನ ಖರ್ಚು ಅಂತ ಹಿಡೀಬೇಕು. ಬ್ಯಾನರಿಗೆ, ಆಫರಿಗೆ, ಎಸಿ ಕರೆಂಟಿಗೆ ಹಾಕಿದ್ದಕ್ಕಿಂತ ಅದು ಕಡಿಮೀನ ಆಗ್ತಿತ್ತು ಅಂತ ನನಗ ಈಗೂ ಅನಸ್ತೈತಿ. ಸಾಹೇಬ್ರು ಇದನ್ನ ಬರದು ಮ್ಯಾಲ ಕಳಿಸಿದ್ರು ಸುದ್ದಾ. ಅವರಿಗೆ ವರ್ಗ ಆತು, ನಾನೂ ಆಮ್ಯಾಲ ಬಿಟ್ಟೆ, ಮನಿ ಹತ್ರ ಒಂದು ಏಜೆನ್ಸ್ಯಾಗ ಈಗ ಲೆಕ್ಕ ನೋಡ್ಕೋತೀನಿ.

ಹೋದ ತಿಂಗಳು ಕಾಕಾರ ಅಂಗಡಿಗೆ ಹೋಗಿದ್ದೆ. ಈಗ ಗಲ್ಲಾದ ಮ್ಯಾಲ ಅವರ ಮಗ ಕೂಡ್ತಾನ. ಮುಂದ ಫೋನ್‌ಪೇ ಸ್ಕ್ಯಾನರ್, ಕೈಯಾಗ ಫೋನ್, ಅದರಾಗ ಆರ್ಡರ್ ಹಾಕೂ ಎರಡು ಆ್ಯಪ್. ಸಾಬಾನು, ಬಿಸ್ಕೀಟು ಯಾವುದರಾಗ ಕಡಿಮಿ ಅದರಾಗ ಹಾಕ್ತಾನ. ಎಣ್ಣಿ, ಬ್ಯಾಳಿ ಏಜೆನ್ಸಿಯವನ ಕಡೆ, ವಾರದ ಉದ್ರಿ ಮ್ಯಾಲ. ಮೆಣಸಿನಕಾಯಿಗೆ ಮಾತ್ರ ಸುಗ್ಗ್ಯಾಗ ತಾನ ಬ್ಯಾಡಗಿಗೆ ಹೋಗ್ತಾನ. ಕೆಂಪು ವಹಿ ಅಲ್ಲೇ ಇತ್ತು. ನಾನು ನಿಂತಾಗ ಒಬ್ಬ ಹುಡುಗಿ ಬಂದು ಅರ್ಧಾ ಕಿಲೋ ಸಕ್ಕರಿ ತಗೊಂಡು "ಅಪ್ಪಾರ ಹೆಸರಿಗೆ ಬರೀರಿ ಅಣ್ಣಾ" ಅಂದ್ಲು, ಅವ ಫೋನ್ ಬದಿಗಿಟ್ಟು ವಹಿ ತಗದು ಬರದ.